ಎದುರುಮನೆಯ ಅತಿಥಿಗಳು

ಜಪಾನಿನ ಕಿಸೊ ಕಣಿವೆಯ ಹಳೇ ದಾರಿಯಲ್ಲಿರುವ ನಮ್ಮ ಊರಿಗೆ ಇರುವುದು ಒಂದೇ ಬೀದಿ. ಹಿಂದೆ ದೊರೆಗಳ ಪರಿವಾರ ತಂಗುತ್ತಿದ್ದ ಮರದ ಮನೆಗಳಲ್ಲಿ ಈಗ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟದ ದಾರಿ ನಡೆಯಲು ಬಂದವರು ಉಳಿಯುತ್ತಾರೆ. ಶಿಗೆನೊ ಅಕ್ಕ ಅಂಥದೊಂದು ಮನೆಯ ಒಡತಿ. ಅವಳಿಗೆ ಜೀವನದಲ್ಲಿದ್ದ ಒಂದೇ ಸಂಕಟವೆಂದರೆ ಎದುರುಮನೆ.

ಅಲ್ಲಿ ಯೊನೆಕೊ ಇದ್ದಳು. ಇಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ಶಿಗೆನೊಳ ಮನೆಯ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಹಾಸಿಗೆಗಳಲ್ಲಿ ಬಿಸಿಲಿನ ವಾಸನೆ ಇರುತ್ತಿತ್ತು. ಯೊನೆಕೊಳ ಮನೆಯಲ್ಲಿ ಒಂದು ಬಟ್ಟಲಿಗೆ ಇನ್ನೊಂದು ಜೋಡಿಯಾಗುತ್ತಿರಲಿಲ್ಲ. ಆದರೂ ಬಂದವರೆಲ್ಲ ಕೇಳುತ್ತಿದ್ದುದು ಯೊನೆಕೊಳನ್ನೇ. ಸಂಜೆಯಾದರೆ ಅವಳ ಒಲೆಯ ಸುತ್ತ ನಗುವೋ ನಗು. ಶಿಗೆನೊಳ ಅತಿಥಿಗಳು ತಲೆತಗ್ಗಿಸಿ ಉಂಡು, ತಲೆತಗ್ಗಿಸಿ ವಂದಿಸಿ ಮಲಗುತ್ತಿದ್ದರು.

"ಅದೇನ್ ಮಾಡ್ತಾಳೆ ಅಂತ ಹಂಗೆ ನಗ್ತಾರೆ?" ಎಂದು ಅವಳು ಒಂದು ಸಂಜೆ ಗಂಡ ಇಸಾಕುವನ್ನು ಕೇಳಿದಳು.

"ಏನೂ ಇಲ್ಲ ಕಣೇ. ಅವರ ಜೊತೆ ಕೂತ್ಕೋತಾಳೆ, ಅಷ್ಟೆ."

"ಕೂತ್ರೆ ಪಾತ್ರೆ ಯಾರು ತೊಳೀತಾರೆ?"

"ಪಾತ್ರೆ ಎಲ್ಲಿಗೂ ಓಡಿಹೋಗಲ್ಲ ಬಿಡು. ಆದ್ರೂ ಆ ಮನೆ ಸಾರಿನ ಘಮ ಇದ್ಯಲ್ಲ…"

ಅವತ್ತು ಇಸಾಕುವಿಗೆ ತಂಗಳನ್ನವೇ ಗತಿಯಾಯಿತು.

ಎಲೆಗಳೆಲ್ಲ ಉದುರಿ ಚಳಿ ಕಚ್ಚುವ ಕಾಲ. ಯೊನೆಕೊ ಶಾವಿಗೆ ಮಾಡುವ ಸೊಬಾ ಹಿಟ್ಟು ತರಲು ಪಕ್ಕದ ಹಳ್ಳಿಗೆ ಹೋಗಿದ್ದಳು. ಮಧ್ಯಾಹ್ನದ ಬಸ್ಸಿನಿಂದ ಒಸಾಕದ ಇಬ್ಬರು ಮುದುಕಿಯರು ಇಳಿದರು, ಅಕ್ಕ ತಂಗಿ. ಬಂದು ಎದುರುಮನೆಯ ಬಾಗಿಲು ತಟ್ಟಿದರು. ಬೀದಿ ಗುಡಿಸುತ್ತಿದ್ದ ಶಿಗೆನೊ ಮೆತ್ತಗೆ ಹೇಳಿದಳು: "ಅವಳಿಲ್ಲ. ನಮ್ಮನೇಲಿ ಜಾಗ ಇದೆ, ಬನ್ನಿ."

"ಅಯ್ಯೋ ಬೇಡಮ್ಮ," ಎಂದಳು ಅಕ್ಕ ತಾಕಿ. "ನಾವು ಬಂದಿರೋದೇ ಯೊನೆಕೊಗೋಸ್ಕರ. ಇಲ್ಲೇ ಜಗಲಿ ಮೇಲೆ ಕಾಯ್ತೀವಿ."

ಶಿಗೆನೊಳ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. "ಕಾದು ಪ್ರಯೋಜನ ಇಲ್ಲ," ಎಂದುಬಿಟ್ಟಳು. "ಈ ವಾರ ಪೂರ್ತಿ ಮನೆ ಮುಚ್ಚಿದಾಳೆ. ಬೆಟ್ಟದಾಚೆ ಊರಲ್ಲಿ ಒಳ್ಳೊಳ್ಳೆ ಮನೆಗಳಿವೆ. ದಾರಿಯೇನೂ ಕಷ್ಟ ಇಲ್ಲ."

ಮುದುಕಿಯರು ನಂಬಿದರು. ವಂದಿಸಿ ಬೆಟ್ಟದ ಕಡೆ ನಡೆದರು.

ಹೊತ್ತು ಇಳಿಯುತ್ತಿದ್ದಂತೆ ಮಳೆಯ ಜೊತೆ ಹಿಮ ಬೀಳತೊಡಗಿತು. ಶಿಗೆನೊ ಒಳಗೂ ಹೊರಗೂ ತಿರುಗಿದಳು. ಯೊನೆಕೊ ಹಿಟ್ಟಿನ ಚೀಲ ಹೊತ್ತು ಬಂದದ್ದೇ ತಡ, ಬೀದಿ ದಾಟಿ ಹೋಗಿ ಎಲ್ಲವನ್ನೂ ಹೇಳಿದಳು.

"ನಾನಿರಲಿಲ್ಲ, ಸರಿ. ಮನೆ ಮುಚ್ಚಿದೀನಿ ಅಂತ ಯಾಕಂದೆ?"

"ನಿನ್ನ ಹುಡುಕ್ಕೊಂಡು ಬಂದ್ರು, ಅದಕ್ಕೆ."

ಯೊನೆಕೊ ಚೀಲ ಕೆಳಗಿಟ್ಟು, ಕರಡಿ ಓಡಿಸುವ ಗಂಟೆ ಎತ್ತಿಕೊಂಡಳು. ಇಸಾಕು ಅಗ್ನಿಶಾಮಕ ದಳದವರನ್ನು ಕರೆಯಲು ಓಡಿದ. ಹೆಂಗಸರಿಬ್ಬರೂ ಅವರಿಗಾಗಿ ಕಾಯದೆ ಬೆಟ್ಟ ಹತ್ತಿದರು. ದಾರಿಯುದ್ದಕ್ಕೂ ಗಂಟೆಯದೊಂದೇ ಸದ್ದು.

ಜಲಪಾತದ ಮೇಲಿನ ತಿರುವಿನಲ್ಲಿ, ಒಂದು ದೇವದಾರು ಮರದ ಬುಡದಲ್ಲಿ ಮುದುಕಿಯರು ಒಬ್ಬರನ್ನೊಬ್ಬರು ತಬ್ಬಿ ಕೂತಿದ್ದರು. ತಾಕಿಯ ಕಾಲು ಉಳುಕಿ ಊದಿತ್ತು. ಚಿಕ್ಕಂದಿನಿಂದ ಸೌದೆ ಹೊತ್ತು ಬಲಿತ ಬೆನ್ನು ಶಿಗೆನೊಳದು. ಮುದುಕಿಯನ್ನು ಹೊತ್ತು ಜಾರುವ ಕಲ್ಲುದಾರಿ ಇಳಿದಳು.

ಯೊನೆಕೊಳ ಮನೆಯ ಅತಿಥಿ ಕೋಣೆಗಳಿದ್ದದ್ದು ಮಹಡಿಯಲ್ಲಿ, ಏಣಿಯಂಥ ಮೆಟ್ಟಿಲು. ಹಾಗಾಗಿ ತಾಕಿಯನ್ನು ಶಿಗೆನೊಳ ಮನೆಯ ಕೆಳಗಿನ ಕೋಣೆಯಲ್ಲೇ ಮಲಗಿಸಬೇಕಾಯಿತು. ದಿನವೂ ಸಂಜೆ ಯೊನೆಕೊ ಬಂದಳು. ಶಿಗೆನೊಳೊಂದಿಗೆ ಒಂದು ಮಾತೂ ಆಡದೆ ಮುದುಕಿಯರ ಬಳಿ ಹೋಗಿ ಕೂತಳು. ನಗು ಈಗ ಶಿಗೆನೊಳ ಮನೆಯೊಳಗೇ ಎದ್ದಿತು. ಅಡುಗೆಮನೆಯಲ್ಲಿ ನಿಂತು ಅವಳು ತನ್ನದೇ ಮನೆಯ ಗೋಡೆಗಳ ಮೇಲೂ ಹೊಟ್ಟೆಕಿಚ್ಚು ಪಟ್ಟಳು.

ಕೊನೆಗೊಂದು ಸಂಜೆ ತಡೆಯಲಾರದೆ ಒಳಗೆ ಹೋಗಿ ಚಾಪೆಗೆ ಹಣೆ ಹಚ್ಚಿದಳು. "ಅವತ್ತು ನಾನು ಬೇಕಂತಲೇ ಸುಳ್ಳು ಹೇಳಿ ನಿಮ್ಮನ್ನ ಬೆಟ್ಟಕ್ಕೆ ಕಳಿಸ್ದೆ."

"ಗೊತ್ತು," ಎಂದಳು ತಾಕಿ. "ನೀನು ನನ್ನ ಹೊತ್ಕೊಂಡಾಗ ಯೊನೆಕೊ ಪಕ್ಕದಲ್ಲೇ ಇದ್ಳಲ್ಲ, ಆಗಲೇ ತಿಳೀತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಅಂದಿದ್ರೆ ನೀನು ಅಲ್ಲೇ ಇಳಿಸಿಬಿಟ್ಟಿದ್ರೆ?"

ಯೊನೆಕೊಗೆ ಮೊದಲು ನಗು ಬಂತು. ಅವಳು ಕೋಪ ಬಿಗಿಹಿಡಿಯಲು ನೋಡಿದಳು, ಆಗಲಿಲ್ಲ. "ಪೆದ್ದಿ, ಇಲ್ಲೇ ಕೂತ್ಕೋ," ಎಂದು ಜರುಗಿ ಜಾಗ ಕೊಟ್ಟಳು. ಶಿಗೆನೊ ಕೂತಳು. ಏನು ಮಾತಾಡಬೇಕೆಂದು ತಿಳಿಯದೆ, ಹೊಸದಾಗಿ ಬಂದಾಗ ಅನ್ನ ಹೊತ್ತಿಸಿ, ಅತ್ತೆಯ ಭಯಕ್ಕೆ ಅದನ್ನು ಮೂಲಂಗಿ ಮಡಿಯಲ್ಲಿ ಹೂತಿದ್ದ ಕಥೆ ಹೇಳಿದಳು. ತಾಕಿ ಉಳುಕಿದ ಕಾಲು ಹಿಡಿದುಕೊಂಡು ನಕ್ಕಳು.

ಹೊರಡುವ ದಿನ ತಾಕಿ ಶಿಗೆನೊಳ ಕೈ ಒತ್ತಿ, "ಮುಂದಿನ ವರ್ಷ ಖಂಡಿತ ಬರ್ತೀವಿ," ಎಂದಳು. ಆಮೇಲೆ ಸಂಕೋಚದಿಂದ ಸೇರಿಸಿದಳು: "ಯೊನೆಕೊ ಮನೆಗೆ."

ಹಾಗೆಯೇ ಬಂದರು. ಅವರು ಎದುರುಮನೆಗೆ ನುಗ್ಗಿದ್ದನ್ನು ಕಂಡು ಶಿಗೆನೊಳ ಹೊಟ್ಟೆ ಮತ್ತೆ ಉರಿಯಿತು. ಅದನ್ನು ಅವಳು ನನ್ನೆದುರೇ ಹೇಳಿದಳು: "ಉರಿಯತ್ತೆ ಕಣೇ, ಏನ್ ಮಾಡ್ಲಿ!" ಆಮೇಲೆ ಒಂದು ತಟ್ಟೆ ಉಪ್ಪಿನಕಾಯಿ ಹಿಡಿದು, ಸಿಂಕಿನಲ್ಲಿ ಎಂಜಲು ಪಾತ್ರೆಗಳನ್ನು ಹಾಗೇ ಬಿಟ್ಟು, ಬೀದಿ ದಾಟಿದಳು.