ಹೆಣದ ಗಾಡಿಗೆ ಒಂದೂವರೆ ಇಂಚು

ಭದ್ರಾವತಿಯಲ್ಲಿ ನನ್ನ ಅಪ್ಪ ಇರುವ ಬಡಾವಣೆಗೊಂದು ಸೇವಾ ಸಮಿತಿ ಇದೆ. ಸಮಿತಿ ಎಂದರೆ ಬೇರೇನಲ್ಲ, ಕೆಲಸದಿಂದ ನಿವೃತ್ತರಾಗಿ, ಮನೆಯಲ್ಲಿ ಯಾರೂ ತಮ್ಮ ಮಾತು ಕೇಳದ್ದಕ್ಕೆ ಬೀದಿಗೆ ಬಂದು ಭಾಷಣ ಬಿಗಿಯುವ ಏಳೆಂಟು ಗಂಡಸರು. ಅವರ ಹತ್ತಿರ ಒಂದು ಪಿಕಪ್ ಗಾಡಿ ಇದೆ. ಬಡಾವಣೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಹೊಳೆಯ ದಂಡೆಯ ಸ್ಮಶಾನಕ್ಕೆ ಒಯ್ಯುವುದು ಅದರ ಕೆಲಸ. ಗಾಡಿಯ ಎರಡೂ ಪಕ್ಕದಲ್ಲಿ ದಾನಿಗಳ ಹೆಸರು, ಅಧ್ಯಕ್ಷರ ಹೆಸರು, ಕಾರ್ಯದರ್ಶಿಯ ಹೆಸರು. ಹಿಂಬಾಗಿಲಿನ ಮೇಲೆ ಪೇಂಟು ಹೊಡೆಸಿಕೊಟ್ಟವನ ಹೆಸರು. ಒಳಗೆ ಮಲಗಿ ಹೋಗುತ್ತಿರುವವರು ಯಾರು ಎಂಬುದೊಂದನ್ನು ಬಿಟ್ಟು ಮಿಕ್ಕವರ ಹೆಸರೆಲ್ಲ ದಾರಿಯವರಿಗೆ ತಿಳಿಯುತ್ತದೆ.

ನಾನು ಶಿವಮೊಗ್ಗದ ನವುಲೆಯಲ್ಲಿ ಇರುವವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ನಾಲಿಗೆ ಉದ್ದ ಎಂದು ಸಮಿತಿಯವರು ಹೇಳಿಕೊಂಡು ತಿರುಗುತ್ತಾರಂತೆ. ಹೇಳಿಕೊಳ್ಳಲಿ. ಅವರ ತಲೆಯೊಳಗೆ ಏನಾದರೂ ಇದ್ದಿದ್ದರೆ ನನ್ನ ನಾಲಿಗೆಗೆ ಅಷ್ಟು ಕೆಲಸ ಬೀಳುತ್ತಿರಲಿಲ್ಲ.

ಆ ಗಾಡಿಯ ದೋಷ ಕಣ್ಣಿದ್ದ ಯಾರಿಗಾದರೂ ಕಾಣುತ್ತಿತ್ತು. ಅದು ಮೂಟೆಗಟ್ಟಲೆ ಸರಕು ಹೊರಲು ಮಾಡಿದ ಗಾಡಿ. ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನು ಪಟ್ಟಿಗಳು, ಅಂದರೆ ಸ್ಪ್ರಿಂಗುಗಳು, ಬಲು ಗಟ್ಟಿ. ಭಾರ ಹೇರಿದರೆ ಮಾತ್ರ ಹಿಂಭಾಗ ತಗ್ಗಿ ಗಾಡಿ ಸಮನಾಗುತ್ತದೆ. ಇಲ್ಲದಿದ್ದರೆ ಹಿಂದೆ ಎತ್ತರ, ಮುಂದೆ ತಗ್ಗು. ಸತ್ತ ಮನುಷ್ಯನ ಭಾರವನ್ನು ಆ ಪಟ್ಟಿಗಳು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಗಾಡಿ ಹೊರಡುವ ಮುಂಚೆ ಎಲ್ಲರೂ ಹಿಂದಿನಿಂದ ಕಾಲು ಮುಟ್ಟಿ ಕೊನೆಯ ನಮಸ್ಕಾರ ಮಾಡುವುದು ನಮ್ಮ ಬೀದಿಯ ಪದ್ಧತಿ. ಹಾಗಾಗಿ ಪಾದ ಹಿಂಬಾಗಿಲಿಗೆ, ತಲೆ ಕ್ಯಾಬಿನ್ನಿನ ಕಡೆಗೆ. ಅಂದರೆ ನಮ್ಮ ಬಡಾವಣೆಯಲ್ಲಿ ಸತ್ತವರೆಲ್ಲ ಇಷ್ಟು ವರ್ಷ ತಲೆ ಕೆಳಗಾಗಿಯೇ ಹೊಳೆಗೆ ಹೋಗಿದ್ದಾರೆ. ಯಾರೊಬ್ಬರಿಗೂ ಅದು ಒಂದು ವಿಷಯ ಅನ್ನಿಸಿರಲಿಲ್ಲ.

ನನ್ನ ಅಮ್ಮ ಹೋಗುವವರೆಗೆ ನನಗೂ ಆ ಗಾಡಿಯ ಗೊಡವೆ ಇರಲಿಲ್ಲ. ಅಮ್ಮನಿಗೆ ಉಬ್ಬಸ. ಕೊನೆಯ ವರ್ಷಗಳಲ್ಲಿ ತಲೆ ಸ್ವಲ್ಪ ತಗ್ಗಿದರೂ ಉಸಿರು ಕಟ್ಟುತ್ತಿತ್ತು. ಎರಡು ದಿಂಬು, ಅದರ ಮೇಲೊಂದು ಮಡಚಿದ ಕಂಬಳಿ ಬೇಕು. ಅದನ್ನು ಜೋಡಿಸುವುದು ಅಪ್ಪನ ಕೆಲಸ. ನಾನು ಹೋದಾಗ ಜೋಡಿಸಲು ನೋಡಿದರೆ, ನಿನಗೆ ಬರಲ್ಲ ಎಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಅಮ್ಮ ತೀರಿಕೊಂಡಾಗ ಅಪ್ಪ ಅವಳ ತಲೆಯ ಪಕ್ಕದಲ್ಲಿ ಗಾಡಿಯ ಹಿಂಭಾಗದಲ್ಲಿ ಕೂತು ಹೋದರು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಒಬ್ಬಳೇ ಮಗಳಾದ ನಾನು ಅಮ್ಮನ ಪಾದ ಮುಟ್ಟಿ ಬೀದಿಯಲ್ಲೇ ನಿಂತೆ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅಪ್ಪ ಬಾಯಿ ಬಿಟ್ಟರು.

"ಅವಳ ತಲೆ ಕೆಳಗಿತ್ತು ಕಣೆ. ದಿಂಬು ಇಟ್ಟೆ, ಜಾರಿ ಹೋಯ್ತು. ಹೊಳೆ ಇಳಿಜಾರಲ್ಲಿ ಡ್ರೈವರ್ ಬ್ರೇಕ್ ಹಾಕಿದ್ನಲ್ಲ, ಆಗ ಅವಳ ತಲೆ ಹೋಗಿ ಕ್ಯಾಬಿನ್ ತಗಡಿಗೆ ಬಡೀತು. ನಾನು ಕೈ ಅಡ್ಡ ಇಡೋ ಹೊತ್ತಿಗೆ ಆಗಿಹೋಗಿತ್ತು."

ಆಮೇಲೆ ಅಪ್ಪನ ನಿದ್ದೆ ಹಾರಿಹೋಯಿತು. ಊಟ ಅರ್ಧವಾಯಿತು. ಬೆಳಗಾದರೆ ಸಮಿತಿಯ ಶೆಡ್ಡಿಗೆ ಹೋಗಿ ಗಾಡಿಯನ್ನು ನೋಡುತ್ತಾ ನಿಲ್ಲುತ್ತಿದ್ದರು ಎಂದು ಪಕ್ಕದ ಮನೆಯವರು ನನಗೆ ಫೋನು ಮಾಡಿದರು. ಗಾಡಿಯ ಮುಂಭಾಗ ಎತ್ತರಿಸಿ ಎಂದು ಅಪ್ಪ ಕೇಳಿದ್ದಕ್ಕೆ, ಸತ್ತವರಿಗೆ ಎತ್ತರವೇನು ತಗ್ಗೇನು ಎಂದು ಅಧ್ಯಕ್ಷ ನಕ್ಕನಂತೆ. ಆ ಭಾನುವಾರವೇ ಭದ್ರಾವತಿ ಬಸ್ಸು ಹತ್ತಿದೆ.

ಅಂದು ಶೆಡ್ಡಿನಲ್ಲಿ ನಡೆದ ಸಭೆಯಂಥ ಇನ್ನೊಂದು ಸಭೆಯನ್ನು ನಾನು ಕಾಣಲಾರೆ. ಗಾಡಿ ಸಮವಾಗಿಯೇ ಇದೆ ಎಂದು ಅಧ್ಯಕ್ಷ ಪಟ್ಟು ಹಿಡಿದ. ದೃಷ್ಟಿಗೆಂದು ಡ್ರೈವರ್ ಗಾಡಿಗೆ ಕಟ್ಟಿದ್ದ ನಿಂಬೆಹಣ್ಣು ಬಿಚ್ಚಿಸಿ, ಹೆಣ ಮಲಗಿಸುವ ಉಕ್ಕಿನ ಹಾಸಿನ ನಡುವೆ ಇಟ್ಟ. ಅದು ಉರುಳಿ ಸೀದಾ ಕ್ಯಾಬಿನ್ನಿಗೆ ಹೋಗಿ ನಿಂತಿತು. ಮತ್ತೊಮ್ಮೆ ಇಟ್ಟ, ಮತ್ತೂ ಉರುಳಿತು. ಇದು ಗಾಡಿಯದಲ್ಲ, ಶೆಡ್ಡಿನ ನೆಲದ್ದು ಎಂದ. ನೆಲ ಹಾಕಿಸಿದವನೇ ಪಕ್ಕದಲ್ಲಿ ಕೂತಿದ್ದನಾದ್ದರಿಂದ ಇಬ್ಬರಿಗೂ ಜಗಳ ಹತ್ತಿಕೊಂಡಿತು. ಹೆಣವನ್ನೇ ತಿರುಗಿಸಿ ಮಲಗಿಸಿ ಎಂದ ಇನ್ನೊಬ್ಬ ಮಹಾನುಭಾವ. ಹಾಗಾದರೆ ಜನ ತಲೆ ಮುಟ್ಟಿ ನಮಸ್ಕಾರ ಮಾಡಬೇಕೇ ಎಂದು ಕೇಳಿದೆ. ಹಿಂದಿನ ಪಟ್ಟಿಗಳಲ್ಲಿ ಎರಡನ್ನು ತೆಗೆದುಹಾಕಿ ಎಂದ ಮತ್ತೊಬ್ಬ. ಸೌದೆ ಹೇರುವುದೂ ಅದೇ ಗಾಡಿಯಲ್ಲಿ, ಪಟ್ಟಿ ತೆಗೆದರೆ ಅರ್ಧ ದಾರಿಯಲ್ಲೇ ಕೂತುಬಿಡುತ್ತದೆ ಎಂದು ಡ್ರೈವರೇ ಹೇಳಬೇಕಾಯಿತು.

ಖರ್ಚು ನನ್ನದು ಎಂದೆ ನೋಡಿ, ಕೂಡಲೇ ಎಲ್ಲರಿಗೂ ಗಾಡಿಯ ಮೇಲೆ ಪ್ರೀತಿ ಉಕ್ಕಿತು. ಈಗ ಎಷ್ಟು ಎತ್ತರಿಸಬೇಕು ಎಂಬ ಚರ್ಚೆ. ಕಾರ್ಯದರ್ಶಿಯ ತಂಗಿಯ ಮಗನೊಬ್ಬ ಬಂದಿದ್ದ, ಶಿವಮೊಗ್ಗದವನು. ಆಳೆತ್ತರದ ಚಕ್ರ ಹಾಕಿಸಿದ ಜೀಪು ಅವನದು. ರಜೆ ಬಂದರೆ ನಾಲ್ಕು ಜನ ಅಂಥವರನ್ನೇ ಕೂಡಿಕೊಂಡು ಹೊಳಲೂರಿನ ಕಡೆ ಯಾರದೋ ಗದ್ದೆಯ ಕೆಸರಿಗೆ ಇಳಿಯುತ್ತಾನೆ, ಹೂತುಕೊಳ್ಳುತ್ತಾನೆ, ಗದ್ದೆಯವನ ಟ್ರ್ಯಾಕ್ಟರಿನಲ್ಲಿ ಎಳೆಸಿಕೊಂಡು ಮೇಲೆ ಬಂದು ಅದನ್ನು ಸಾಹಸ ಎಂದು ಮೊಬೈಲಿನಲ್ಲಿ ಹಾಕುತ್ತಾನೆ. ನಾಲ್ಕು ಇಂಚು ಎತ್ತರಿಸಿ, ಗಾಡಿಗೆ ಒಂದು ಗತ್ತು ಬರುತ್ತೆ ಎಂದು ಅಪ್ಪಣೆ ಕೊಡಿಸಿದ. ಸಮಿತಿ ತಲೆದೂಗಿತು. ಮುಂದೆ ನಾಲ್ಕು ಇಂಚು ಏರಿಸಿದರೆ ಹಾಸು ಹಿಂದಕ್ಕೆ ವಾಲಿ, ಕಾಲು ಮುಟ್ಟಲು ಬಂದವರ ಮೈಮೇಲೇ ಹೆಣ ಜಾರುತ್ತದೆ ಎಂದು ನಾನು ಹೇಳಿದೆ. ಆ ದೃಶ್ಯ ಒಬ್ಬೊಬ್ಬರ ಕಣ್ಣಿಗೂ ಬಂದಿರಬೇಕು, ನಾಲ್ಕು ಇಂಚಿನ ಮಾತು ಅಲ್ಲಿಗೇ ಬಿತ್ತು.

ನಾನು ಟೇಪು ತೆಗೆದು ಹಾಸಿನ ಎರಡೂ ತುದಿ ನೆಲದಿಂದ ಎಷ್ಟು ಎತ್ತರ ಎಂದು ಅಳೆದೆ. ವ್ಯತ್ಯಾಸ ಎರಡು ಇಂಚಿಗೆ ಕೊಂಚ ಕಡಿಮೆ. ಹೆಣದ ಜೊತೆ ಜನ ಕೂತರೆ ಹಿಂಭಾಗ ಒಂದಿಷ್ಟು ಇಳಿದೇ ಇಳಿಯುತ್ತದೆ. ಆದ್ದರಿಂದ ಒಂದೂವರೆ ಸಾಕು ಎಂದೆ. ಒಂದೂವರೆ ಇಂಚಿಗೆ ಇಷ್ಟು ರಂಪವೇ ಎಂದು ಅಧ್ಯಕ್ಷ ಮೂಗು ಮುರಿದ. ಗಾಡಿಯ ಮೇಲೆ ತನ್ನ ಹೆಸರಿನ ಅಕ್ಷರ ಕಾರ್ಯದರ್ಶಿಯ ಹೆಸರಿಗಿಂತ ಅರ್ಧ ಇಂಚು ಸಣ್ಣದಾಯಿತೆಂದು ಪೇಂಟರನ್ನು ವಾಪಸು ಕರೆಸಿದ ಗಿರಾಕಿ ಇದೇ ಅಧ್ಯಕ್ಷ. ಅಪ್ಪ ಮಾತ್ರ ಕ್ಯಾಬಿನ್ನಿನ ತಗಡನ್ನು ಕೈಯಿಂದ ಸವರುತ್ತಾ ನಿಂತಿದ್ದರು.

ಗಾಡಿ ಎತ್ತರಿಸುವ ಸಾಮಾನು ಸಿಗುವುದು ಶಿವಮೊಗ್ಗದಲ್ಲಿ. ಬೈಪಾಸ್ ರಸ್ತೆಯ ಅಂಗಡಿಯೊಂದಕ್ಕೆ ನಾನೇ ಹೋದೆ. ಒಳಗೆಲ್ಲ ಕಪ್ಪು ಗಾಜು, ನೀಲಿ ದೀಪ; ಗೋಡೆಯ ಮೇಲೆ ಬೆಟ್ಟದ ತುದಿಗೆ ಹತ್ತಿ ನಿಂತ ಗಾಡಿಗಳ ಚಿತ್ರ. ಕೌಂಟರಿನವನು ನನ್ನ ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೆಯೇ ಎಂದು ನೋಡಿದ. ಯಾರೂ ಬಾರದಿದ್ದಾಗ ಬೇಸರದಿಂದ ನನ್ನನ್ನೇ ಮಾತಾಡಿಸಿದ. ಮುಂದಿನ ಸ್ಪ್ರಿಂಗಿನ ಮೇಲೆ ಕೂರಿಸುವ ದಪ್ಪ ಬಿಲ್ಲೆ ಬೇಕು, ಒಂದೂವರೆ ಇಂಚು ಏರುವಂಥದ್ದು ಎಂದೆ. ಅವನು ಮೂರು ಇಂಚಿನದನ್ನು ತಂದು ಮುಂದಿಟ್ಟ. ಕೆಂಪು ಬಣ್ಣದ್ದು, ಡಬ್ಬದ ಮೇಲೆ ಹುಲಿಯ ಮುಖ. ಹುಲಿ ನೋಡಬೇಕಾದರೆ ತ್ಯಾವರೆಕೊಪ್ಪದ ಸಫಾರಿಗೆ ಹೋಗುತ್ತೇನೆ, ಕೇಳಿದ್ದು ಕೊಡಪ್ಪ ಎಂದೆ.

"ಒಂದೂವರೆಗೆಲ್ಲ ಲುಕ್ ಬರಲ್ಲ ಮೇಡಂ."

"ಒಳಗೆ ಮಲಗಿದವರು ಲುಕ್ ನೋಡಲ್ಲ. ಅದು ಹೆಣದ ಗಾಡಿ."

ಅವನ ಕೈ ಡಬ್ಬದ ಮೇಲಿಂದ ತಾನಾಗಿ ಹಿಂದೆ ಹೋಯಿತು. ಒಳಗಿನಿಂದ ಕಪ್ಪು ಬಿಲ್ಲೆಗಳ ಜೊತೆಯೊಂದನ್ನು ತಂದು, ಕೈಗೆ ಕೊಡದೆ ಕೌಂಟರಿನ ಮೇಲೆ ತಳ್ಳಿದ. ಜಗತ್ತಿನ ಎಲ್ಲ ಬೆಟ್ಟ ಹತ್ತಿಸುವ ಶೂರನಿಗೆ ಎಲ್ಲರೂ ಹೋಗುವ ದಾರಿಯ ಹೆಸರು ಕೇಳಿದರೇ ಬೆವರು. ನಾನು ಬಿಲ್ಲೆಗಳನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಹೊರಬಂದೆ.

ಮುಂದಿನ ರಜೆಯ ದಿನ ಡ್ರೈವರ್ ಗಾಡಿಯನ್ನು ಶಿವಮೊಗ್ಗಕ್ಕೆ ತಂದ, ಅದೇ ರಸ್ತೆಯ ಗ್ಯಾರೇಜಿಗೆ. ಪಕ್ಕದ ಸೀಟಿನಲ್ಲಿ ಅಪ್ಪ. ಹಿಂದೆ ಸ್ಕೂಟರಿನಲ್ಲಿ ಉಸ್ತುವಾರಿಗೆಂದು ಅಧ್ಯಕ್ಷ ಮತ್ತು ಕಾರ್ಯದರ್ಶಿ. ಗ್ಯಾರೇಜಿನ ಭಾಯ್ ಗಾಡಿಯ ಮೇಲಿನ ಹೆಸರುಗಳನ್ನೆಲ್ಲ ಓದಿ, ಇಷ್ಟು ಜನ ಒಟ್ಟಿಗೇ ಹೋದ್ರಾ ಎಂದು ಕೇಳಿದ. ಆವತ್ತು ನಾನು ನಕ್ಕಿದ್ದು ಅದೊಂದಕ್ಕೇ. ಅಧ್ಯಕ್ಷನ ಮೋರೆ ಗಂಟಿಕ್ಕಿತು.

ಬಿಲ್ಲೆ ಕೂರಿಸಿ, ಚಕ್ರದ ನೇರ ನೋಡಿ, ಗಾಡಿಯನ್ನು ಸಮನೆಲಕ್ಕೆ ತಂದು ನಿಲ್ಲಿಸಿದರು. ಅಧ್ಯಕ್ಷ ಜೇಬಿನಿಂದ ನಿಂಬೆಹಣ್ಣು ತೆಗೆದ, ಮನೆಯಿಂದಲೇ ತಂದಿದ್ದ. ಹಾಸಿನ ನಡುವೆ ಇಟ್ಟ. ಅದು ಕೊಂಚ ಹೊರಳಿ ಅಲ್ಲೇ ನಿಂತಿತು. ಆಯ್ತಲ್ಲ, ಇನ್ನು ಹೊರಡೋಣ ಎಂದು ತಾನೇ ಬಿಲ್ಲೆ ಕಡೆದವನ ಹಾಗೆ ಕೈ ಒರೆಸಿಕೊಂಡ. ಆಗ ಅಪ್ಪ ಹಿಂಬಾಗಿಲ ಹತ್ತಿರ ಬಂದರು.

"ನಿಂಬೆಹಣ್ಣಿಗೆ ತಲೆ ಯಾವುದು, ಕಾಲು ಯಾವುದು? ಯಾರಾದ್ರೂ ಮಲಗಿ ನೋಡ್ಬೇಕು."

ಹೇಳಿದ್ದೇ ತಡ, ಇಬ್ಬರು ಪದಾಧಿಕಾರಿಗಳೂ ಎರಡು ಹೆಜ್ಜೆ ಹಿಂದೆ ಸರಿದರು. ಬದುಕಿರುವವರು ಆ ಹಾಸಿನ ಮೇಲೆ ಮಲಗಬಾರದು, ಮಲಗಿದರೆ ಮುಂದಿನ ಸರದಿ ಅವರದೇ ಎಂಬುದು ನಮ್ಮ ಕಡೆಯವರ ನಂಬಿಕೆ. ಇಷ್ಟು ವರ್ಷ ಆ ದೋಷ ಯಾರ ಮೈಗೂ ಗೊತ್ತಾಗದೆ ಉಳಿದದ್ದೂ ಅದಕ್ಕೇ. ಗೊತ್ತಾದವರು ಯಾರೂ ವಾಪಸು ಬಂದು ಹೇಳುವಂತಿರಲಿಲ್ಲ. ನಾನು ಮಲಗುತ್ತೇನೆ ಎಂದು ಸೆರಗು ಸಿಕ್ಕಿಸಿದೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿದರು. ಇಲ್ಲಿ ಬೇಡ, ಹೊಳೆಯ ಹತ್ತಿರ ನೋಡೋಣ, ನಾನೇ ಮಲಗ್ತೀನಿ ಎಂದರು. ಅಧ್ಯಕ್ಷ ಏನೋ ಹೇಳಲು ಬಂದ. ನಾನು ಅವನ ಮುಖ ನೋಡಿದೆ. ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಹೋದವರು ಮತ್ತೆ ಆ ದಿನ ಕಾಣಲಿಲ್ಲ.

ಭದ್ರಾವತಿ ಸೇರಿ, ಹೊಳೆಗೆ ಇಳಿಯುವ ರಸ್ತೆಯ ತಲೆಯಲ್ಲಿ ಡ್ರೈವರ್ ನಿಲ್ಲಿಸಿದ. ಅಪ್ಪ ಮೆಲ್ಲನೆ ಹಿಂದೆ ಹತ್ತಿ, ಕಾಲು ಬಾಗಿಲಿಗೆ ಮಾಡಿ, ಉಕ್ಕಿನ ಹಾಸಿನ ಮೇಲೆ ಅಂಗಾತ ಮಲಗಿದರು. ನಾನೂ ಹತ್ತಿ ತಲೆಯ ಪಕ್ಕ ಕೂತೆ. ಎದುರಿನ ಚಹಾ ಅಂಗಡಿಯಲ್ಲಿದ್ದವರು ಎದ್ದು ನಿಂತು ಕೈಮುಗಿದರು. ಅಪ್ಪ ಕತ್ತೆತ್ತಿ ಅವರನ್ನು ನೋಡಿದ್ದೇ ಒಬ್ಬನ ಕೈಯ ಲೋಟ ಬಿತ್ತು. ಇನ್ನೊಂದು ದಿನವಾಗಿದ್ದರೆ ನಾನು ಅದನ್ನು ಹೇಳಿಕೊಂಡು ವಾರವೆಲ್ಲ ನಗುತ್ತಿದ್ದೆ.

ತಲೆ ಹೇಗಿದೆ ಎಂದು ಕೇಳಿದೆ. ಸಮ ಇದೆ ಎಂದರು. ಆಮೇಲೆ ಡ್ರೈವರನ್ನು ಕೂಗಿ, ಅಮ್ಮನನ್ನು ತಂದ ದಿನ ಎಲ್ಲಿ ಬ್ರೇಕ್ ಹಾಕಿದ್ದೆಯೋ ಅಲ್ಲೇ, ಹಾಗೇ ಹಾಕು ಎಂದರು. ಬೇಡ ಸಾರ್ ಎಂದು ಅವನು ಗೋಗರೆದ. ಬಿಲ್ಲೆ ಪರೀಕ್ಷೆ ಆಗಬೇಕಲ್ಲ ಎಂದುಕೊಂಡು ನಾನೂ ಹೂಂ ಎಂದೆ. ಗಾಡಿ ಇಳಿಯತೊಡಗಿತು. ನಾನು ಅಪ್ಪನ ತಲೆಗೂ ತಗಡಿಗೂ ನಡುವೆ ಅಂಗೈ ಇಟ್ಟೆ.

"ಕೈ ತೆಗಿ," ಎಂದರು ಅಪ್ಪ.

"ಅಪ್ಪ, ಬಡಿಯುತ್ತೆ."

"ತೆಗಿ ಕಣೆ. ನಾನು ಹೇಳ್ತಿದ್ದೀನಲ್ಲ."

ತೆಗೆದೆ. ಡ್ರೈವರ್ ಬ್ರೇಕ್ ಒತ್ತಿದ. ಅಪ್ಪನ ಮೈ ಜಾರಿತು, ತಲೆ ತಗಡಿಗೆ ಹೋಗಿ ಬಡಿಯಿತು. ಇಳಿಜಾರನ್ನು ಯಾವ ಬಿಲ್ಲೆ ಸರಿಮಾಡುತ್ತದೆ? ನಾನು ಕಿರುಚಿ ಎರಡೂ ಕೈಯಲ್ಲಿ ಅವರ ತಲೆ ಹಿಡಿದುಕೊಂಡೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಎಷ್ಟು ಪೆಟ್ಟಾಯಿತು ಎಂದು ತಮ್ಮೊಳಗೇ ಕೇಳಿಕೊಳ್ಳುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಆಗ ತಿಳಿಯಿತು.

"ನೋವಾಗಲ್ಲ ಕಣೆ," ಎಂದರು. ಕಣ್ಣಿನ ಬದಿಯಿಂದ ನೀರು ಕಿವಿಗೆ ಇಳಿಯುತ್ತಿತ್ತು. "ಅಷ್ಟೇನೂ ನೋವಾಗಲ್ಲ. ಅವಳಿಗೂ ಆಗಿರಲ್ಲ, ಅಲ್ವಾ?"

ಅವತ್ತು ಈ ಬಿಲ್ಲೆ ಇರಲಿಲ್ಲ, ತಲೆಯ ಕಡೆ ಹಾಸು ಇದಕ್ಕಿಂತ ತಗ್ಗಿತ್ತು, ಪೆಟ್ಟು ಇದಕ್ಕಿಂತ ಜೋರಾಗಿಯೇ ಬಿದ್ದಿರಬೇಕು. ಅಪ್ಪನ ಲೆಕ್ಕ ತಪ್ಪು. ಊರವರೆಲ್ಲರ ತಪ್ಪು ಲೆಕ್ಕಕ್ಕೆ ಬಾಯಿ ಹಾಕುವ ನಾನು ಅಪ್ಪನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಹೌದಪ್ಪ, ಅಮ್ಮನಿಗೂ ನೋವಾಗಿರಲ್ಲ ಎಂದೆ.