ಕೇಳಬಾರದ್ದನ್ನು ಕೇಳಿದ ಆ್ಯಪ್

ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಹೊಸ ಫೋನ್ ಕೊಂಡಾಗ ಹಳೆಯದನ್ನು ನನಗೆ ಕಳಿಸಿದ. ಕುಂದಾಪುರದ ಬಳಿಯ ನಾವುಂದ ಎಂಬ ಊರಿನ ನಮ್ಮ ಮನೆಗೆ ಬಂದ ಮೊದಲ ಟಚ್ ಫೋನ್ ಅದು. ನನ್ನ ಗಂಡ ನಾಡದೋಣಿಯಲ್ಲಿ ಮೀನಿಗೆ ಹೋಗುವವರು, ನಾನು ಮೀನು ಮಾರುವವಳು. ಮಳೆಗಾಲದಲ್ಲಿ ಅವರು ಕಡಲಿಗಿಳಿದರೆ ವಾಪಸ್ ಬರುವವರೆಗೂ ಜೀವವನ್ನು ಕೈಯಲ್ಲಿ ಹಿಡಿದು ಕೂರಬೇಕಿತ್ತು. ಹಾಗಾಗಿ ಫೋನ್ ಸಿಕ್ಕಿದ್ದೇ ನಾನು ಅದರಲ್ಲಿ ಹುಡುಕಿದ್ದು ಹಾಡನ್ನಲ್ಲ, ಹವಾಮಾನವನ್ನು.

ಅದರಲ್ಲಿ ಮೊದಲೇ ಇದ್ದ ಆ್ಯಪ್ ದಿನವಿಡೀ ಭಾರೀ ಮಳೆ ಎನ್ನುತ್ತಿತ್ತು. ಅಂಗಳದಲ್ಲಿ ಬಿಸಿಲು ಸುಡುತ್ತಿದ್ದರೂ ಅದನ್ನೇ ನಂಬಿ ನಾನು ಬಟ್ಟೆಯನ್ನು ಒಳಗೆ ಒಣಗಹಾಕಿದೆ. ಅದು ಇನ್ನೂ ಮುಂಬೈಯ ಮಳೆಯನ್ನೇ ಹೇಳುತ್ತಿದೆ ಎಂದು ಅಣ್ಣ ನಕ್ಕಾಗ ಮೈಯೆಲ್ಲ ಉರಿಯಿತು. ಅದನ್ನು ತೆಗೆದುಹಾಕಿ ಇನ್ನೊಂದನ್ನು ಹಾಕಿಕೊಂಡೆ. ಅದಕ್ಕೆ ಕುಂದಾಪುರ ಗೊತ್ತಿತ್ತು, ಬೈಂದೂರು ಗೊತ್ತಿತ್ತು. ಆದರೆ ಹೇಳುವುದೆಲ್ಲ ಮಳೆಯ ಸುದ್ದಿ. ಮಳೆಗೆ ಯಾರು ಹೆದರುತ್ತಾರೆ? ದೋಣಿ ಮಗುಚುವುದು ಗಾಳಿಗೆ. ಕೊನೆಗೆ ಗಾಳಿಯನ್ನು ಬಣ್ಣದಲ್ಲಿ ತೋರಿಸುವ ಒಂದು ಸಿಕ್ಕಿತು. ಹಸಿರೆಂದರೆ ಸಾಧಾರಣ, ನೇರಳೆಯೆಂದರೆ ಬಿರುಗಾಳಿ. ಅಂತೂ ಒಳ್ಳೆಯ ಆ್ಯಪ್ ಆರಿಸಿದೆ ಎಂದು ಹಿಗ್ಗಿದೆ.

ಆದರೆ ಅದು ಮೊದಲು ಕೇಳುವುದೇ ಎಲ್ಲಿಯ ಗಾಳಿ ಎಂದು. ಕಡಲಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ನಮ್ಮ ಮನೆಯಲ್ಲಿ ಅಪಶಕುನ. ಬಂದ ಮೇಲೆ ಕೇಳಿದರೂ ಇವರು "ಹೀಂಗೇ, ತೆಂಕ್ ಬದಿಗೆ" ಎಂದು ತೇಲಿಸಿಬಿಡುತ್ತಿದ್ದರು. ಮೀನು ಸಿಕ್ಕಿದ ಜಾಗವನ್ನು ಹೆಂಡತಿಗೂ ಹೇಳುವುದಿಲ್ಲ. ಅವಳು ಮಾರ್ಕೆಟಿನಲ್ಲಿ ಬಾಯಿಬಿಟ್ಟರೆ ಮರುದಿನ ಊರಿನ ದೋಣಿಗಳೆಲ್ಲ ಅಲ್ಲೇ ಇರುತ್ತವಂತೆ. ನನ್ನ ಬಾಯಿಯ ಮೇಲೆ ಅಷ್ಟೊಂದು ನಂಬಿಕೆ!

ಒಮ್ಮೆ ಆಷಾಢದಲ್ಲಿ ಮಳೆ ಬಿಟ್ಟು ಹೊಳವಾದಾಗ ಇವರು ಬೆಳಕು ಹರಿಯುವ ಮೊದಲೇ ಹೊರಟರು. ಕಾಫಿ ಕುಡಿದು ಫೋನ್ ತೆರೆದರೆ ಕಡಲಿನ ಮೇಲೆ ನೇರಳೆ ಬಣ್ಣ ಹರಡುತ್ತ ಬರುತ್ತಿತ್ತು. ನಮ್ಮೂರಿನ ನೇರಕ್ಕೆ ಬೆರಳಿಟ್ಟರೆ ಹಸಿರು, ಒಂದು ಬೆರಳಗಲ ಆಚೆ ಸರಿಸಿದರೆ ನೇರಳೆ. ಇವರು ಯಾವುದರೊಳಗಿದ್ದಾರೆ? ಇವರ ಫೋನಿಗೆ ಮಾಡಿ ನೋಡಿದೆ, ಹೋಗಲಿಲ್ಲ. ಫೋನ್ ಹಿಡಿದೇ ಅತ್ತೆಯ ಬಳಿಗೆ ಹೋದೆ.

"ಅತ್ತೆ, ಇವ್ರ್ ಯಾವ್ ಬದಿಗ್ ಹೋಯಿರ್?"

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಅದೆಲ್ಲ ಕೇಂಬುಕಾಗ."

ಕೇಳಬಾರದಂತೆ! ನನಗೆ ಸಿಟ್ಟು ನೆತ್ತಿಗೇರಿತು. "ಕೇಂಬುಕಾಗ, ಕೇಂಬುಕಾಗ! ಈಗ ಹುಡ್ಕುಕ್ ಹೋಪುಕೂ ಜಾಗ ಗೊತ್ತಿಲ್ಲ."

ಅತ್ತೆಯ ಕೈ ಮೊರದಲ್ಲೇ ನಿಂತಿತು. ಮಾವ ಕಡಲಿನಲ್ಲೇ ತೀರಿಹೋದವರೆಂದು ಮಾತ್ರ ನನಗೆ ಗೊತ್ತಿತ್ತು. ಅತ್ತೆ ಯಾವತ್ತೂ ಆ ಮಾತೆತ್ತಿದವರಲ್ಲ. ಅಂದು ಎತ್ತಿದರು.

"ಹುಡ್ಕುಕ್ ಹೊರ್ಟವ್ರ್ ನನ್ನತ್ರ ಬಂದ್ ಕೇಂಡ್ರ್, ಯಾವ್ ಬದಿಗ್ ಹೋಯಿರ್ ಅಂದೇಳಿ. ನಂಗ್ ಗೊತ್ತಿರ್ಲಿಲ್ಲ ಹೆಣ್ಣೆ."

ಅಷ್ಟು ಹೇಳಿ ಮೊರವನ್ನು ಬದಿಗಿಟ್ಟು ನನ್ನ ಪಕ್ಕ ಬಂದು ಕುಳಿತರು. ಆ ಫೋನೆಂದರೆ ಮುಖ ಸಿಂಡರಿಸುತ್ತಿದ್ದವರು "ಇಲ್ಲೊತ್ತ್, ಅಲ್ಲೊತ್ತ್" ಎನ್ನತೊಡಗಿದರು. ಇವರು ಯಾವಾಗಲೂ ಹೇಳುವ ತೆಂಕಿನುದ್ದಕ್ಕೂ, ದಕ್ಷಿಣದ ಕಡೆಗೆ, ಒತ್ತುತ್ತ ಹೋದೆ. ಒತ್ತಿದಲ್ಲೆಲ್ಲ ನೇರಳೆ. ಸ್ವಲ್ಪ ಹೊತ್ತಿಗೆ ಗಾಳಿ ಮನೆಗೂ ಬಂತು, ಕೊಟ್ಟಿಗೆಯ ಹೆಂಚು ಹಾರಿತು, ಕರೆಂಟು ಹೋಯಿತು. ಇಬ್ಬರೂ ಗಂಜಿ ಮುಟ್ಟಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಇವರು ಬರಿಗಾಲಲ್ಲಿ, ಚಳಿಗೆ ಗಡಗಡ ನಡುಗುತ್ತ ಅಂಗಳಕ್ಕೆ ಬಂದರು. ದೋಣಿ ಬಡಗಿನಲ್ಲೆಲ್ಲೋ, ಉತ್ತರದ ದಡಕ್ಕೆ ಬಡಿದಿತ್ತು. ಜನರಿಗೆ ಏನೂ ಆಗಿರಲಿಲ್ಲ. ಬಸ್ಸು ಹತ್ತಿ ಬಂದಿದ್ದರು. ನಾನು ಅವರನ್ನು ಬೆಳಗಿನಿಂದ ತೆಂಕಿನಲ್ಲಿ ಹುಡುಕುತ್ತಿದ್ದೆ. ಅಳುತ್ತಲೇ ಬಾಯಿಗೆ ಬಂದಂತೆ ಬೈದೆ. ಅತ್ತೆ ಬಿಸಿನೀರು ತಂದಿಟ್ಟರು.

ದೋಣಿ ರಿಪೇರಿಯಾಗಿ, ಕಡಲು ತಣಿದು ಇವರು ಮತ್ತೆ ಹೊರಟ ಬೆಳಗ್ಗೆ ಅತ್ತೆ ಜಗಲಿಗೆ ಬಂದು ನಿಂತರು. ಇವರು ಅಂಗಳ ದಾಟುವಷ್ಟರಲ್ಲಿ ಕೇಳಿಯೇಬಿಟ್ಟರು:

"ಮಗಾ, ಎಲ್ಲಿಗ್ ಹೋಪ್ದ್?"

ಇವರು ಬೆನ್ನು ಹಾಕಿಕೊಂಡೇ ನಿಂತುಬಿಟ್ಟರು. ಇವತ್ತು ರಂಪವಾಗುತ್ತದೆ ಅಂದುಕೊಂಡೆ. ಇವರು ತಿರುಗಿ ಅಮ್ಮನ ಮುಖ ನೋಡಿದರು. ಮತ್ತೆ ಜಗಲಿ ಹತ್ತಿ ಬಂದು, ಬೆರಳನ್ನು ಲುಂಗಿಗೆ ಒರೆಸಿ, ನನ್ನ ಕೈಯಲ್ಲಿದ್ದ ಫೋನಿನ ಮೇಲೆ ಇಟ್ಟರು.

"ಇಲ್ಲಿಗ್," ಎಂದರು. "ಮಾರ್ಕೆಟಂಗೆ ಬಾಯ್ ಬಿಡ್ಬೇಡ ಮತ್ತೆ."

ಇವರು ಹೋದ ಮೇಲೂ ಅತ್ತೆ ಫೋನನ್ನು ಹತ್ತಿರ ಹಿಡಿದು ಆ ಜಾಗವನ್ನೇ ನೋಡುತ್ತಿದ್ದರು.