ಸಾಲಿನಲ್ಲಿ ಅಪ್ಪನ ಚಪ್ಪಲಿ

ಕಂಡವರ ದನಿಯಲ್ಲೇ ಮಾತಾಡಿ ತೋರಿಸುವುದು ನನಗೆ ಅಂಟಿದ ರೋಗ. ಅಪ್ಪನ ದನಿಯಂತೂ ಸುಲಭ. ದೊಡ್ಡಬಳ್ಳಾಪುರದಲ್ಲಿ ಜೀವಮಾನವೆಲ್ಲ ಪವರ್‌ಲೂಮ್ ಸದ್ದಿನಲ್ಲಿ ಸೀರೆ ನೇಯ್ದವನು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತದೆ. ನನ್ನ ಸ್ವಂತ ದನಿ ಯಾವುದು ಅಂತ ಮಾತ್ರ ಕೇಳಬೇಡಿ, ಹುಡುಕುತ್ತಿದ್ದೇನೆ.

ತಾತ ತೀರಿಕೊಂಡ ಮೇಲೆ ಮನೆ ಖಾತೆ ಅಪ್ಪನ ಹೆಸರಿಗೆ ಆಗಬೇಕಿತ್ತು. ಪ್ರತಿ ಸೋಮವಾರ ಮಗ್ಗ ನಿಲ್ಲಿಸಿ ಕಚೇರಿಗೆ ಹೋಗುತ್ತಿದ್ದ. ಬಾಗಿಲು ತೆಗೆಯುವ ಮುಂಚೆ ಬಂದವರು ಸಾಲಿನಲ್ಲಿ ಚಪ್ಪಲಿ ಬಿಟ್ಟು, ಹೊಂಗೆ ಮರದ ನೆರಳಲ್ಲಿ ಕೂರುವುದು ಅಲ್ಲಿಯ ರೂಢಿ. ಸಂಜೆಯೊಳಗೆ ಸರದಿ ಬರದಿದ್ದರೆ ಮುಂದಿನ ವಾರ ಮತ್ತೆ ಮೊದಲಿಂದ.

"ಹೆಂಗೈತಪ್ಪಾ ನಿನ್ ಚಪ್ಪಲಿ? ಪ್ರಮೋಷನ್ ಸಿಕ್ತಾ?" ಎಂದು ಕಾಡಿಸುತ್ತಿದ್ದೆ.

"ನಗು ಮಗನೇ, ನಗು. ಅಲ್ಲಿ ಒಬ್ರ ಚಪ್ಪಲೀನ ಇನ್ನೊಬ್ರು ಜರುಗ್ಸಲ್ಲ. ಲೇಟಾಗ್ಬೋದು, ಮೋಸ ಇಲ್ಲ ಕಣೋ."

ಆರನೇ ವಾರ ನನಗೆ ತಡೆಯಲಾಗಲಿಲ್ಲ. ದೊಡ್ಡ ಮನುಷ್ಯರ ಪಿ.ಎ. ಥರ, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡವನ ದನಿಯಲ್ಲಿ ಕಚೇರಿಗೆ ಫೋನ್ ಮಾಡಿ ಅಪ್ಪನ ಹೆಸರು ಹೇಳಿದೆ. "ಏನ್ರೀ, ನಮ್ಮೋರ ಫೈಲು ಇನ್ನೂ ಕೂತೈತಂತೆ?"

ಮರು ಸೋಮವಾರ ಗುಮಾಸ್ತರೇ ಹೊರಗೆ ಬಂದು ಅಪ್ಪನನ್ನು ಕೂಗಿದರಂತೆ. ಕುರ್ಚಿ ಹಾಕಿಸಿದರಂತೆ, ಟೀ ತರಿಸಿದರಂತೆ. "ಯಜಮಾನ್ರೇ, ಸಾಹೇಬ್ರ ಕಡೆಯೋರು ಅಂತ ಮೊದ್ಲೇ ಹೇಳ್ಬಾರ್ದಿತ್ತಾ?" ಅಪ್ಪನಿಗಿಂತ ಮುಂದೆ ಪಕ್ಕದ ಮಧುರೆ ಹಳ್ಳಿಯ ಮುದುಕಿಯೊಬ್ಬಳ ಚಪ್ಪಲಿ ಇತ್ತು, ಅವಳು ಅಪ್ಪನಿಗಿಂತ ಹೆಚ್ಚು ವಾರ ಅಲೆದವಳು. ಖಾತೆ ಪತ್ರ ಹಿಡಿದು ಅಪ್ಪ ಹೊರಗೆ ಬಂದಾಗ ಕೇಳಿದಳಂತೆ, "ನಿಂಗೂ ಒಳಗಡೆ ಜನ ಅವ್ರಾ, ಅಣ್ಣಾ?"

ಮನೆಗೆ ಬಂದು ಅಪ್ಪ ಇದನ್ನೆಲ್ಲ ಹೇಳಿದಾಗ ನಾನು ಹಿಗ್ಗಿನಲ್ಲಿ ಎಲೆಅಡಿಕೆ ದನಿ ತೆಗೆದು ತೋರಿಸಿದೆ. ಅಪ್ಪ ನಗಲಿಲ್ಲ. ಅವನ ದನಿ ಅಡುಗೆಮನೆಗೂ ಕೇಳದಷ್ಟು ಇಳಿದಿದ್ದು ಅವತ್ತೇ ಮೊದಲು.

"ಆರು ವಾರ ನನ್ ಸರದಿ ಬರ್ತೈತೆ ಅಂತ ಕೂತಿದ್ನಲ್ಲೋ. ಒಳಗಡೆ ಸಾಲೇ ಇರ್ಲಿಲ್ವಾ?"

ಆಮೇಲೆ ಅಪ್ಪ ಯಾವ ಕಚೇರಿಗೂ ಹೋಗಲಿಲ್ಲ. ಮೊನ್ನೆ ರೇಷನ್ ಕಾರ್ಡಿನಲ್ಲಿ ಅಮ್ಮನ ಹೆಸರು ತಿದ್ದಿಸಬೇಕಾಗಿ ಬಂದಾಗ, "ಒಂದ್ ಫೋನ್ ಮಾಡ್ಬಿಡು" ಅಂದ. ನಾನು ಮಾಡಲಿಲ್ಲ. ನನ್ನ ಚಪ್ಪಲಿಯನ್ನೇ ಸಾಲಿನಲ್ಲಿ ಬಿಟ್ಟು ಮೂರು ಸೋಮವಾರ ಹೊಂಗೆ ಮರದಡಿ ಕೂತೆ. ಯಾರೂ ಕುರ್ಚಿ ಹಾಕಲಿಲ್ಲ. ಸರದಿ ಬಂತು, ಕೆಲಸ ಆಯಿತು. ಓಡಿ ಬಂದು ಕಾರ್ಡು ಕೊಟ್ಟೆ.

"ಸಾಲಲ್ಲೇ ಕೂತು ಮಾಡ್ಸಿದ್ದು ಕಣಪ್ಪಾ."

ಅಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸರಿ ಬಿಡು. ಈ ಸಲ ಯಾರ ದನೀಲಿ?"